ಬಾದಾಮಿಯ ಬಂಡೆಯೂ ಬಣ್ಣದ ಪೆಟ್ಟಿಗೆಯೂ

ಕಾರ್ತಿಕ ಮಾಸದ ಒಂದು ಶನಿವಾರ ಬೆಳಗಿನ ರೈಲುಗಾಡಿಯಲ್ಲಿ ನಾವು ಸಕುಟುಂಬರಾಗಿ ಗದುಗಿನಿಂದ ಬಾದಾಮಿಗೆ ಹೊರಟೆವು. ಜೊತೆಯಲ್ಲಿ ನಮ್ಮ ಮನೆಯವರು, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು ಹಾಗೂ ಐದು ವರ್ಷದ ಮೊಮ್ಮಗ. ಬುತ್ತಿಯ ಗಂಟು, ನೀರಿನ ಬಾಟಲಿ, ಮಕ್ಕಳ ಬಟ್ಟೆಬರೆ ಇವುಗಳ ನಡುವೆ ನಮ್ಮ ಕೈಚೀಲದಲ್ಲಿ ಇನ್ನೊಂದು ವಸ್ತುವಿತ್ತು. ಅದು ಅಂಗೈ ಅಗಲದ ಒಂದು ತಗಡಿನ ಬಣ್ಣದ ಪೆಟ್ಟಿಗೆ. ಅದನ್ನು ನಾವು ಯಾರಿಗೂ ತೋರಿಸಿರಲಿಲ್ಲ. ಆ ಪೆಟ್ಟಿಗೆಯ ವೃತ್ತಾಂತವನ್ನು ಹೇಳದೆ ಈ ಪ್ರವಾಸದ ವರ್ಣನೆ ಪೂರ್ಣವಾಗದು. ಹೇಳಲು ನಮಗೆ ಸಂಕೋಚವಿದೆ. ಆದರೂ ಹೇಳುವುದೇ ಲೇಸೆಂದು ಬಗೆದಿದ್ದೇವೆ.

ದೀಪಾವಳಿಯ ಮುನ್ನಾದಿನಗಳಲ್ಲಿ ಮನೆಯ ಅಟ್ಟವನ್ನು ಸ್ವಚ್ಛಗೊಳಿಸುವಾಗ ಹಳೆಯ ಪಂಚಾಂಗಗಳ ಕಟ್ಟಿನ ಹಿಂದೆ ಆ ಪೆಟ್ಟಿಗೆ ನಮ್ಮ ಕೈಗೆ ಸಿಕ್ಕಿತು. ತೆರೆದು ನೋಡಿದರೆ ಒಳಗಿನ ಬಣ್ಣದ ಬಿಲ್ಲೆಗಳು ಬೇಸಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದ್ದವು. ಎರಡು ಕುಂಚಗಳಲ್ಲಿ ಒಂದರ ಕೂದಲನ್ನು ಹುಳು ತಿಂದಿತ್ತು. ಅದು ನಮ್ಮ ಸೊಸೆಯದು. ಶಾಲೆಯಲ್ಲಿ ಓದುತ್ತಿದ್ದಾಗಲೇ ಡ್ರಾಯಿಂಗ್ ಪರೀಕ್ಷೆಯ ಲೋವರ್, ಹೈಯರ್ ಗ್ರೇಡುಗಳೆರಡನ್ನೂ ಮುಗಿಸಿದ್ದ ಹುಡುಗಿ, ಮದುವೆಯಾಗಿ ಬರುವಾಗ ಸೀರೆಗಳ ಜೊತೆಗೆ ಈ ಪೆಟ್ಟಿಗೆಯನ್ನೂ ತಂದಿದ್ದಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಕಾಯಕ ಅವಳದು. ಮದುವೆಯಾದ ಹೊಸತರಲ್ಲಿ ಸಂಜೆ ಹಿತ್ತಿಲ ಬಾಗಿಲ ಬಳಿ ಕುಳಿತು ತುಳಸಿಕಟ್ಟೆಯನ್ನೋ ಬಾವಿಯ ರಾಟೆಯನ್ನೋ ಚಿತ್ರಿಸುತ್ತಿದ್ದಳು.

ಮೊಮ್ಮಗಳು ಹುಟ್ಟಿದ ವರ್ಷ ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಅವಳ ಕೈಯಲ್ಲಿ ಕುಂಚವಿತ್ತು. ಆಗ ನಾವು, "ಇನ್ನ ಇದು ಸಾಕು ತಂಗಿ. ಮಗಳ ತಾಯಿ ಆದಿ, ಬಣ್ಣದಾಟ ಯಾಕ?" ಎಂದುಬಿಟ್ಟೆವು. ಗದರಿದ ಮಾತೇನೂ ಅಲ್ಲ. ಮೆಲ್ಲಗೆ ಹೇಳಿದ ಮಾತು. ಅವಳು ಎದುರು ನುಡಿಯಲಿಲ್ಲ. ಮರುದಿನದಿಂದ ಪೆಟ್ಟಿಗೆ ಕಾಣಲಿಲ್ಲ. ಮನೆ ಒಂದು ಹದಕ್ಕೆ ಬಂತೆಂದು ನಾವು ಸಮಾಧಾನಪಟ್ಟೆವು. ಅದೇ ವಾರ ಒಂದು ಸಭೆಯಲ್ಲಿ ಶರಣಧರ್ಮವು ಸ್ತ್ರೀಗೆ ಕೊಟ್ಟ ಸಮಾನ ಸ್ಥಾನವನ್ನು ಕುರಿತು ನಾವು ಒಂದು ತಾಸು ಉಪನ್ಯಾಸ ಮಾಡಿದ್ದೆವು. ಜನ ಚಪ್ಪಾಳೆಯನ್ನೂ ತಟ್ಟಿದ್ದರು. ಹತ್ತು ವರ್ಷಗಳ ಬಳಿಕ ಅಟ್ಟದ ಮೇಲೆ ಆ ಪೆಟ್ಟಿಗೆಯನ್ನು ಹಿಡಿದು ಕುಳಿತಾಗ ಆ ಚಪ್ಪಾಳೆ ನೆನಪಾಗಿ ಮೈ ಬೆವರಿತು.

ಬಾದಾಮಿಯ ಪ್ರವಾಸವನ್ನು ಗೊತ್ತುಪಡಿಸಿದ್ದು ಆಮೇಲೆಯೇ.

ಹೊಳೆಆಲೂರು ದಾಟಿದ ಮೇಲೆ ಗಾಡಿ ಮಲಪ್ರಭೆಯ ಸೇತುವೆಯನ್ನು ಹಾಯುತ್ತದೆ. ಎರೆಯ ಹೊಲಗಳು ಹಿಂದೆ ಸರಿದು, ಕ್ರಮೇಣ ಕೆಂಪು ಬಂಡೆಗಳು ತಲೆಯೆತ್ತುತ್ತವೆ. ನಿಲ್ದಾಣದಲ್ಲಿಳಿದು ಮೊದಲು ಬನಶಂಕರಿಗೆ ಹೋದೆವು. ಹರಿದ್ರಾತೀರ್ಥದ ದಡದ ಕಲ್ಲುಮಂಟಪಗಳ ಸಾಲು, ಗಿಡಗಳ ನೆರಳು, ಬುಟ್ಟಿ ಹೊತ್ತು ಬಂದು "ರೊಟ್ಟಿ ಊಟ ಮಾಡ್ರೆಪಾ" ಎಂದು ಕರೆಯುವ ತಾಯಂದಿರು, ಇವೆಲ್ಲವೂ ನಮ್ಮ ಬಾಲ್ಯದಲ್ಲಿದ್ದಂತೆಯೇ ಇವೆ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಪುಟ್ಟ ಮಣ್ಣಿನ ಗಡಿಗೆಯ ಕೆನೆಮೊಸರು. ಅಷ್ಟು ಸವಿಯಾದ ಊಟವನ್ನು ನಾವು ಇತ್ತೀಚೆಗೆ ಉಂಡಿರಲಿಲ್ಲ.

ಬನದ ಹುಣ್ಣಿಮೆಯ ಜಾತ್ರೆಗೆ ಇಲ್ಲಿ ನಾಟಕ ಕಂಪನಿಗಳು ಡೇರೆ ಹಾಕುವ ಸಂಗತಿ ವಾಚಕರಿಗೆ ತಿಳಿದದ್ದೇ. ಬಾಲ್ಯದಲ್ಲಿ ತಂದೆಯವರ ಕೈಹಿಡಿದು ನಾವು ಇಲ್ಲಿ ನಾಟಕ ನೋಡಿದ್ದೆವು. ಕಥೆಗಿಂತ ನಮ್ಮನ್ನು ಸೆಳೆದದ್ದು ಹಿಂದಿನ ಪರದೆಗಳು. ಅರಮನೆ, ಅರಣ್ಯ, ಬೀದಿ ಹೀಗೆ ಒಂದು ಪರದೆ ಏರಿ ಇನ್ನೊಂದು ಇಳಿದರೆ ಊರೇ ಬದಲಾಗುತ್ತಿತ್ತು. ಮುಂದೆ ಮಠದಲ್ಲಿ ಓದಲು ಸೇರಿದಾಗಲೂ ಆ ಮರುಳು ನಮ್ಮನ್ನು ಬಿಡಲಿಲ್ಲ. ಪ್ರತಿ ಶ್ರಾವಣದಲ್ಲಿ ಪುರಾಣ ಪ್ರವಚನಕ್ಕೆ ಮುನ್ನ ಮಠದ ಗೋಡೆಗೆ ಸುಣ್ಣ ಬಳಿದು, ಅಂಚಿಗೆ ಕಾವಿಯಿಂದ ಹೂಬಳ್ಳಿ ಬರೆಯುವ ಕೆಲಸವನ್ನು ಗುರುಗಳು ನಮಗೆ ವಹಿಸುತ್ತಿದ್ದರು. ಈಚಲ ಕಡ್ಡಿಯ ತುದಿಯನ್ನು ಜಜ್ಜಿದರೆ ಅದೇ ಕುಂಚ. ಇಪ್ಪತ್ತನೆಯ ವಯಸ್ಸಿನಲ್ಲಿ ಸಂಸ್ಕೃತ ಪರೀಕ್ಷೆ, ಆಮೇಲೆ ಅಧ್ಯಾಪನ, ಸಂಸಾರ, ಗ್ರಂಥಸಂಪಾದನೆ ಹೀಗೆ ಒಂದರ ಹಿಂದೊಂದು ಬಂದು ಆ ಕಡ್ಡಿ ಎಲ್ಲಿಯೋ ಬಿದ್ದುಹೋಯಿತು. ಯಾರೂ ನಮಗೆ ಬೇಡವೆನ್ನಲಿಲ್ಲ; ನಾವಾಗಿಯೇ ಬಿಟ್ಟೆವು. ಆದುದರಿಂದಲೇ ಇನ್ನೊಬ್ಬರಿಗೆ ಬೇಡವೆನ್ನುವುದು ನಮಗೆ ಅಷ್ಟು ಸುಲಭವಾಯಿತೇನೋ.

ಅಲ್ಲಿಂದ ಮುಂದೆ ಶಿವಯೋಗಮಂದಿರ. ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಮಲಪ್ರಭೆಯ ದಡದಲ್ಲಿ ನೆಲೆಗೊಳಿಸಿದ ಈ ಸಂಸ್ಥೆಯಲ್ಲಿ ತಯಾರಾಗಿ ನಾಡಿನ ಎಷ್ಟೋ ಮಠಗಳಿಗೆ ಹೋದ ಸ್ವಾಮಿಗಳ ಪರಂಪರೆ ದೊಡ್ಡದು. ೧೯೩೦ರಲ್ಲಿ ಲಿಂಗೈಕ್ಯರಾದ ಪೂಜ್ಯರ ಗದ್ದುಗೆಗೆ ನಮಸ್ಕರಿಸಿ ನದಿಯ ಕಡೆಯ ನೆರಳಿನಲ್ಲಿ ಕುಳಿತೆವು. ಇಲ್ಲಿಯ ವಿಭೂತಿ ಪ್ರಸಿದ್ಧವಾದುದು. ಆಕಳ ಸಗಣಿಯನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ತಿಳಿಯಾದ ನಯವಾದ ಭಾಗವನ್ನಷ್ಟೇ ಉಳಿಸಿಕೊಂಡು ಗಟ್ಟಿ ಮಾಡುವ ಕ್ರಮವನ್ನು ಮೊಮ್ಮಗಳಿಗೆ ವಿವರಿಸುತ್ತಿದ್ದೆವು. ಪಕ್ಕದಲ್ಲಿದ್ದ ಸೊಸೆ ಥಟ್ಟನೆ, "ಬಣ್ಣಾನೂ ಹಿಂಗ ಮಾಡತಿದ್ರಲ್ರಿ ಮಾವಾರ, ಮೊದಲ. ಕೆಮ್ಮಣ್ಣು ನೀರಿನ್ಯಾಗ ಕದಡಿ, ಉಸುಕು ತಳಕ್ಕ ಕುಂತ ಮ್ಯಾಲೆ ಮ್ಯಾಲಿಂದು ತಗೀತಿದ್ರು" ಎಂದಳು. ಹತ್ತು ವರ್ಷಗಳಲ್ಲಿ ಅವಳ ಬಾಯಿಂದ ಬಣ್ಣವೆಂಬ ಮಾತು ಬಂದದ್ದು ಅದೇ ಮೊದಲು. ಅಟ್ಟಕ್ಕೆ ಹೋದದ್ದು ಪೆಟ್ಟಿಗೆಯೊಂದೇ, ಅದರ ತಿಳಿವು ಹೋಗಿರಲಿಲ್ಲವೆಂದು ನಮಗೆ ಆಗ ಅರಿವಾಯಿತು.

ಮಠವೂ ಕಲೆಯೂ ಬೇರೆ ಬೇರೆ ದಾರಿಯವೆಂದು ತಿಳಿದವರು ಈ ಸ್ಥಳದ ಚರಿತ್ರೆಯನ್ನು ನೋಡಬೇಕು. ಗಾನಯೋಗಿ ಪಂಚಾಕ್ಷರಿ ಗವಾಯಿಗಳಿಗೆ ಆಶ್ರಯವಿತ್ತು ಸಂಗೀತಕ್ಕೆ ಹಚ್ಚಿದವರು ಇದೇ ಕುಮಾರ ಶಿವಯೋಗಿಗಳು. ಗವಾಯಿಗಳು ೧೯೪೪ರಲ್ಲಿ ಲಿಂಗೈಕ್ಯರಾದ ನಂತರ ಪುಟ್ಟರಾಜ ಗವಾಯಿಗಳು ೨೦೧೦ರವರೆಗೂ ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ದೀಪವನ್ನು ಕಾಯ್ದರು. ಅದೇ ಗದುಗಿನಲ್ಲಿ ಟಿ. ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ ಎಷ್ಟೋ ಕೈಗಳಿಗೆ ಕುಂಚವನ್ನು ಕೊಟ್ಟಿತು. ಅಂತಹ ಊರಿನಲ್ಲಿ ಕುಳಿತು ನಾವು ಒಂದು ಕುಂಚವನ್ನು ಕಸಿದುಕೊಂಡಿದ್ದೆವು!

ರಾತ್ರಿ ಬಾದಾಮಿಯಲ್ಲಿ ತಂಗಿ, ಭಾನುವಾರ ಬೆಳಗ್ಗೆ ಮೇಣಬಸದಿಗಳ ಮೆಟ್ಟಿಲನ್ನೇರಿದೆವು. ಕೆಳಗೆ ಅಗಸ್ತ್ಯತೀರ್ಥ, ಆಚೆಯ ದಡದಲ್ಲಿ ಭೂತನಾಥನ ಗುಡಿಗಳು, ಸುತ್ತಲೂ ಎಳೆಬಿಸಿಲಿಗೆ ಕೆಂಪೇರುತ್ತಿದ್ದ ಮರಳುಗಲ್ಲಿನ ಬಂಡೆಗಳು. ಕೋತಿಗಳ ಹಾವಳಿ ಹೇಳತೀರದು. ಮೊಮ್ಮಗನ ಕೈಯಲ್ಲಿದ್ದ ಬಾಳೆಹಣ್ಣು ಮೂರನೆಯ ಮೆಟ್ಟಿಲಿನಲ್ಲಿಯೇ ಮಾಯವಾಯಿತು.

ಮೊದಲನೆಯ ಗುಹೆಯ ಹೊರಗೆ ಬಲಗಡೆ ಹದಿನೆಂಟು ಕೈಗಳ ನಟರಾಜನಿದ್ದಾನೆ. ನಮ್ಮ ಮನೆಯವರು ಬಹಳ ಹೊತ್ತು ಅವನನ್ನು ನೋಡಿ, "ನಮ್ಮ ಸೊಸೀಗೆ ಇಷ್ಟ ಕೈ ಬೇಕ ನೋಡ್ರಿ" ಎಂದರು. ಎಲ್ಲರೂ ನಕ್ಕೆವು. ಮಾತು ಮಾತ್ರ ನಮ್ಮೊಳಗೆ ಉಳಿಯಿತು. ಬೆಳಗಿನ ಐದೂವರೆಗೆ ಎದ್ದು, ಪೂಜೆಗೆ ಅಣಿಮಾಡಿ, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ತಾನೂ ಶಾಲೆಗೆ ಹೋಗಿ, ಸಂಜೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವ ಗೃಹಿಣಿಗೆ ಹದಿನೆಂಟು ಕೈಗಳೂ ಸಾಲವು. ಆದರೆ ಆ ಶಿವನ ಎಲ್ಲ ಕೈಗಳೂ ಒಂದೊಂದು ಕೆಲಸದಲ್ಲಿ ತೊಡಗಿದ್ದರೂ ಅವನು ಮಾಡುತ್ತಿರುವುದು ನೃತ್ಯ. ಮುಖ ಪ್ರಸನ್ನವಾಗಿದೆ. ನಮ್ಮ ಮನೆಯಲ್ಲಿ ಕೈಗಳು ದುಡಿಯುತ್ತಿದ್ದವು. ನೃತ್ಯವನ್ನು ನಾವು ಅಟ್ಟಕ್ಕೆ ಹಾಕಿದ್ದೆವು.

ಮೂರನೆಯ ಗುಹೆ ಅಲ್ಲಿಯ ಎಲ್ಲ ಗುಹೆಗಳಿಗಿಂತ ದೊಡ್ಡದು. ಚಾಲುಕ್ಯ ಕೀರ್ತಿವರ್ಮನ ತಮ್ಮ ಮಂಗಲೇಶನು ಇದನ್ನು ಮಾಡಿಸಿ, ಶಕ ವರ್ಷ ೫೦೦ರ ಕಾರ್ತಿಕ ಹುಣ್ಣಿಮೆಯಂದು, ಅಂದರೆ ಕ್ರಿ. ಶ. ೫೭೮ರಲ್ಲಿ, ವಿಷ್ಣುವಿನ ಪ್ರತಿಷ್ಠೆ ನೆರವೇರಿಸಿ, ಅದರ ಪುಣ್ಯಫಲವನ್ನು ಅಣ್ಣನಿಗೆ ಅರ್ಪಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ನಾವು ಹೋದದ್ದೂ ಕಾರ್ತಿಕದಲ್ಲಿಯೇ. ಈ ಗುಹೆಯ ಮುಂಚಾಚಿನ ಬಾಗಿದ ಒಳಮೈಯಲ್ಲಿ ಹಳೆಯ ವರ್ಣಚಿತ್ರಗಳ ಅವಶೇಷಗಳಿವೆ. ವಿದುಷಿ ಸ್ಟೆಲ್ಲಾ ಕ್ರಾಮ್ರಿಶ್ ೧೯೩೬ರಲ್ಲಿ ಇವುಗಳನ್ನು ಕುರಿತು ಬರೆದ ಮೇಲೆ ಕಲಾಪ್ರಪಂಚದ ಗಮನ ಇತ್ತ ಹರಿಯಿತು. ಅರಮನೆಯ ನೃತ್ಯಗೋಷ್ಠಿಯ ದೃಶ್ಯವೊಂದನ್ನು ಕೆಲವರು ಇಂದ್ರಸಭೆಯೆಂದೂ, ಸಿ. ಶಿವರಾಮಮೂರ್ತಿಯವರು ಕೀರ್ತಿವರ್ಮನ ಅರಮನೆಯೆಂದೂ ಅರ್ಥೈಸಿದ್ದಾರೆ.

ಅವಸರದಲ್ಲಿ ಬಂದವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ನಮ್ಮ ಕಣ್ಣಿಗೂ ಮೊದಲು ಕಲೆಹಿಡಿದ ಗಾರೆಯಷ್ಟೇ ಕಂಡಿತು. ಕತ್ತೆತ್ತಿ ನಿಂತು ಕಣ್ಣು ಹೊಂದಿಕೊಂಡ ಮೇಲೆ ಕಾವಿಯ ಒಂದು ಛಾಯೆ, ಹಸಿರಿನ ಒಂದು ನೆರಳು, ಒಂದು ಮೈಯ ಬಾಗು ಮೆಲ್ಲಗೆ ಮೂಡಿಬರುತ್ತವೆ. ಗುಹೆಗಳ ಕಲ್ಲಿನ ಮೇಲೆ ಶಿಲ್ಪಿಗಳದೆಂದು ಹೇಳಲಾಗುವ ಎಷ್ಟೋ ಹೆಸರುಗಳು ಕೊರೆದಿವೆ; ಈ ಬಣ್ಣವನ್ನು ಹಚ್ಚಿದವರ ಹೆಸರು ನಮಗೆ ದೊರೆಯಲಿಲ್ಲ. ಅವರಿಗೂ ಮನೆಯಿದ್ದೀತು, ಮಕ್ಕಳಿದ್ದಾರು, ಕೆಳಗೆ ಊರಿನಲ್ಲಿ ಒಲೆಯ ಮೇಲೆ ಏನೋ ಉಕ್ಕುತ್ತಿದ್ದೀತು. ಸಾವಿರದ ನಾಲ್ಕುನೂರು ವರ್ಷಗಳ ಗಾಳಿಮಳೆಗೆ ಹೆಚ್ಚಿನ ಪಾಲು ಅಳಿದುಹೋದರೂ ಉಳಿದ ಗೇಣಗಲದ ಬಣ್ಣಕ್ಕಾಗಿ ಜನ ಕತ್ತು ನೋಯಿಸಿಕೊಂಡು ನಿಲ್ಲುತ್ತಾರೆ.

ಸೊಸೆ ಅಲ್ಲಿಂದ ಕದಲಲಿಲ್ಲ. ಮಗನು ಮಕ್ಕಳನ್ನು ಕರೆದುಕೊಂಡು ನಾಲ್ಕನೆಯ ಗುಹೆಗೆ ಹೋದ. ನಾವು ಚೀಲದಿಂದ ಒಂದು ಹೊಸ ಬಿಳಿಹಾಳೆಯ ಪುಸ್ತಕ, ಒಂದು ಪೆನ್ಸಿಲು ಮತ್ತು ಆ ತಗಡಿನ ಪೆಟ್ಟಿಗೆಯನ್ನು ತೆಗೆದು ಅವಳ ಮುಂದೆ ಹಿಡಿದೆವು. ಒಳಗಿನ ಹಳೆಯ ಬಿಲ್ಲೆಗಳನ್ನು ತೆಗೆದು ಗದುಗಿನ ಪೇಟೆಯಲ್ಲಿ ಕೊಂಡ ಹೊಸವನ್ನು ಕೂಡಿಸಿದ್ದೆವು. ಹುಳು ತಿಂದ ಕುಂಚದ ಬದಲಿಗೆ ಬೇರೊಂದು ಕುಂಚವಿತ್ತು. ಅವಳು ಪೆಟ್ಟಿಗೆಯನ್ನು ನೋಡಿದಳು, ನಮ್ಮನ್ನು ನೋಡಿದಳು.

"ತಂಗಿ, ಅವತ್ತ ನಾ ಆಡಿದ ಮಾತು ತಪ್ಪಾಗಿತ್ತು. ಹಾಲು ಉಕ್ಕಿದ್ದು ನಿನ್ನ ತಪ್ಪಲ್ಲ. ಮನಿಯಾಗ ಇನ್ನೂ ಮೂರು ಮಂದಿ ಇದ್ದಿವಿ" ಎಂದೆವು. ಮಠದಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಕಲಿತ ನಮಗೆ ಆ ನಾಲ್ಕು ಮಾತು ಹೇಳಲು ಹತ್ತು ವರ್ಷ ಹಿಡಿದವು.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಕೈ ಬರೂದಿಲ್ರಿ ಮಾವಾರ ಈಗ. ಹತ್ತು ವರ್ಷ ಆತು" ಎಂದಳು. "ಕೆಟ್ಟರ ಕೆಡಲಿ ಬಿಡು. ಹಾಳಿ ಭಾಳ ಅದಾವು" ಎಂದೆವು. ಕಾವಲುಗಾರ ಬಂದು ವಿಚಾರಿಸಿದ. ಬರಿಯ ಪೆನ್ಸಿಲಿನಿಂದ ಬರೆಯುವುದು, ಗೋಡೆ ಮುಟ್ಟುವುದಿಲ್ಲವೆಂದಾಗ ಅವನು ತಲೆಯಾಡಿಸಿ ನೆರಳಿರುವ ಜಾಗವನ್ನು ತಾನೇ ತೋರಿಸಿದ.

ಮೊದಲನೆಯ ಹಾಳೆ ನಿಜವಾಗಿಯೂ ಕೆಟ್ಟಿತು. ಕಂಬ ವಾಲಿಕೊಂಡಿತು, ಅಳತೆ ತಪ್ಪಿತು. ಅವಳ ತುಟಿ ಬಿಗಿದದ್ದನ್ನು ನಾವು ಕಂಡೆವು. ಹಾಳೆ ಹರಿಯಲು ಹೋದವಳು ಹರಿಯದೆ ಮಗುಚಿದಳು. ಎರಡನೆಯದರಲ್ಲಿ ಮುಂಚಾಚಿನ ಬಾಗು ಬಂದಿತು. ಇಪ್ಪತ್ತು ನಿಮಿಷ ಕಳೆದಿರಬಹುದು, ಕೆಳಗಿನಿಂದ ಮೊಮ್ಮಗ ಅಳುವ ದನಿ ಕೇಳಿಸಿತು. ಅವಳು ಥಟ್ಟನೆ ಎದ್ದಳು. "ಕುಂದ್ರು. ನಾ ಹೊಕ್ಕೀನಿ" ಎಂದು ನಾವು ಮೆಟ್ಟಿಲಿಳಿದೆವು. ಮೊಣಕಾಲು ನೋಯುವ ಈ ವಯಸ್ಸಿನಲ್ಲಿ ಆ ಮೆಟ್ಟಿಲುಗಳನ್ನು ಅಂದು ಎರಡು ಸಲ ಇಳಿದು ಹತ್ತಿದೆವು. ಅದು ನಮಗೆ ಪ್ರಾಯಶ್ಚಿತ್ತವೆಂದೇ ತೋರಿತು.

ಮಧ್ಯಾಹ್ನ ಕೆರೆಯ ದಡದ ಸೋಪಾನದ ಮೇಲೆ ಕುಳಿತು ಅವಳು ಬಣ್ಣ ತೆರೆದಳು. ಕಾವಿಗೆ ಒಂದಿಷ್ಟು ಹಳದಿ ಬೆರೆಸಿ ಬಂಡೆಯ ಬಣ್ಣವನ್ನು ತಂದಳು. ಮೊಮ್ಮಗಳು, "ಅವ್ವಾ, ನಿನಗ ಚಿತ್ರ ತಗಿಯಾಕ ಬರತೈತಿ ಅಂತ ನನಗ ಗೊತ್ತ ಇರಲಿಲ್ಲ" ಎಂದಳು. ಹತ್ತು ವರ್ಷದ ಮಗಳಿಗೆ ತಾಯಿಯ ಒಂದು ಅರ್ಧ ಭಾಗವೇ ಗೊತ್ತಿರಲಿಲ್ಲವೆಂಬ ಆ ಮಾತು ನಮ್ಮನ್ನು ಚುಚ್ಚಿದಷ್ಟು ಬೇರಾವುದೂ ಚುಚ್ಚಲಿಲ್ಲ.

ವಾಚಕರು ಕೇಳಬಹುದು: ದುಡಿಮೆಯೇ ದೊಡ್ಡದೆಂದು ಸಾರಿದ ಧರ್ಮದಲ್ಲಿ ಈ ಹವ್ಯಾಸಕ್ಕೆ ಎಡೆಯೆಲ್ಲಿ? ಈ ಪ್ರಶ್ನೆಯನ್ನು ನಾವೂ ಕೇಳಿಕೊಂಡೆವು. ಕಾಯಕವೆಂದರೆ ಜೀವನಕ್ಕಾಗಿ ಸತ್ಯಶುದ್ಧವಾಗಿ ದುಡಿದು, ಅದರ ಫಲವನ್ನು ದಾಸೋಹಕ್ಕೆ ಸಲ್ಲಿಸುವುದು. ಚಿತ್ರ ಬರೆಯುವುದು ನಮ್ಮ ಸೊಸೆಗೆ ಕಾಯಕವಲ್ಲ. ಅವಳ ಕಾಯಕ ಗಣಿತ ಕಲಿಸುವುದು. ಆದರೆ ಶರಣರನ್ನು ನೋಡಿರಿ. ದೋಣಿ ನಡೆಸಿದ ಚೌಡಯ್ಯ, ಹಗ್ಗ ಹೊಸೆದ ಚಂದಯ್ಯ, ಬಟ್ಟೆ ಮಡಿ ಮಾಡಿದ ಮಾಚಿದೇವ ಇವರಾರಿಗೂ ವಚನ ರಚನೆ ವೃತ್ತಿಯಾಗಿರಲಿಲ್ಲ. ದುಡಿಯುತ್ತ, ಸಂಸಾರ ನಡೆಸುತ್ತ, ಅದರ ಮಗ್ಗುಲಲ್ಲಿಯೇ ಅವರು ನುಡಿದರು. ಒಲೆಯನ್ನೂ ಮನೆಯನ್ನೂ ನೋಡಿಕೊಂಡ ಶರಣೆಯರೂ ನುಡಿದರು. ಅವರ ಮನೆಯಲ್ಲಿ ಯಾರಾದರೂ, "ಈ ಮಾತಿನಾಟ ಸಾಕು" ಎಂದು ತಡೆದಿದ್ದರೆ ನಮ್ಮ ಪಾಲಿಗೆ ಏನು ಉಳಿಯುತ್ತಿತ್ತು?

ಮಿತಿಯೂ ಬೇಕು. ಗಂಡನು ಆಯ್ದು ತಂದ ಅಕ್ಕಿ ನಿತ್ಯದ ಅಳತೆಗಿಂತ ಹೆಚ್ಚಾದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೊತ್ತಿಗೂ ಆ ನೀತಿ ಸಲ್ಲುತ್ತದೆ. ಮಕ್ಕಳ ಹಸಿವನ್ನೂ ಶಾಲೆಯ ಕರ್ತವ್ಯವನ್ನೂ ಮರೆಸುವ ಹವ್ಯಾಸ ವ್ಯಸನವಾದೀತು. ಆದರೆ ದಿನದ ಇಪ್ಪತ್ತುನಾಲ್ಕು ತಾಸುಗಳನ್ನೂ ಮನೆಯೇ ನುಂಗಿ ಒಂದು ಅರ್ಧ ತಾಸನ್ನೂ ಸೊಸೆಗೆ ಬಿಡದಿದ್ದರೆ, ಅಳತೆಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿಕೊಂಡವರು ನಾವೇ ಅಲ್ಲವೇ?

ಪ್ರವಾಸದಿಂದ ಮರಳಿ ಮೂರು ತಿಂಗಳಾಯಿತು. ಮನೆಯಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಅರ್ಧ ತಾಸು, ಭಾನುವಾರ ಬೆಳಗ್ಗೆ ಒಂದು ತಾಸು ಹಿತ್ತಿಲ ಬಾಗಿಲ ಮೂಲೆ ಅವಳದು. ಆ ಹೊತ್ತಿನಲ್ಲಿ ಮೊಮ್ಮಗಳ ಪಾಠ ನಮ್ಮದು, ಮೊಮ್ಮಗನ ಊಟ ಅವನ ಅಜ್ಜಿಯದು, ಒಲೆಯ ಮೇಲಿನ ಹಾಲು ನಮ್ಮ ಮಗನದು. ಶಾಲೆಯ ಪರೀಕ್ಷೆ ನಡೆದ ಎರಡು ವಾರ ಪೆಟ್ಟಿಗೆ ತೆರೆಯಲಿಲ್ಲ; ಅದಕ್ಕೆ ಯಾರೂ ಕೊರಗಲಿಲ್ಲ. ಪೆಟ್ಟಿಗೆ ಈಗ ಅಟ್ಟದಲ್ಲಿಲ್ಲ, ಕೈಗೆಟಕುವ ಗೂಡಿನಲ್ಲಿದೆ. ಬಂದ ಬೀಗರೊಬ್ಬರು, "ಇದನ್ನ ಮಾರಿದರ ಎಷ್ಟ ಬರತೈತಿ?" ಎಂದು ಕೇಳಿದರು. ಸೊಸೆ ನಕ್ಕು, "ಮಾರಾಕ ಅಲ್ರಿ" ಎಂದಳು.

ಬಿಟ್ಟದ್ದನ್ನು ಮತ್ತೆ ಹಿಡಿಯಬೇಕೆನ್ನುವ ತಾಯಂದಿರಿಗೆ, ತಮ್ಮಂದಿರಿಗೆ ನಾವು ಕಂಡ ನಾಲ್ಕು ಮಾತು: ದೊಡ್ಡ ಹಾಳೆ ಬೇಡ, ಅಂಗೈ ಅಗಲದ್ದು ಸಾಕು. ಹತ್ತಾರು ಬಣ್ಣ ಬೇಡ, ಕೆಂಪು ಹಳದಿ ನೀಲಿ ಇದ್ದರೆ ಉಳಿದವನ್ನು ಬೆರೆಸಿಕೊಳ್ಳಬಹುದು. ಕಣ್ಣೆದುರಿನ ಚರಿಗೆ, ರೊಟ್ಟಿಬುಟ್ಟಿಗಳಿಂದಲೇ ಆರಂಭಿಸಿರಿ. ಮೊದಲ ಹತ್ತು ಹಾಳೆ ಕೆಡುತ್ತವೆ; ಹರಿಯದೆ ಇಡಿರಿ, ಹನ್ನೊಂದನೆಯದನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿರಿ. ಹಿರಿಯರಿಗೆ ಹೇಳುವುದು ಒಂದೇ ಮಾತು: ನಿಮ್ಮ ಅಟ್ಟವನ್ನು ಒಮ್ಮೆ ಹತ್ತಿ ನೋಡಿರಿ. ಯಾರದೋ ಹಾರ್ಮೋನಿಯಂ, ಯಾರದೋ ಕಸೂತಿಯ ಗಂಟು, ಯಾರದೋ ಬಣ್ಣದ ಪೆಟ್ಟಿಗೆ ಅಲ್ಲಿರಬಹುದು. ಇಳಿಸಿ, ಒರೆಸಿ, ಅವರ ಕೈಗೆ ಕೊಡಿರಿ. ಅವರ ಪಾಲಿನ ಅರ್ಧ ತಾಸಿನ ಕೆಲಸವನ್ನು ನೀವು ವಹಿಸಿಕೊಳ್ಳಿರಿ. ಮನೆಯೊಳಗಿನ ದಾಸೋಹ ಅಲ್ಲಿಂದ ಮೊದಲಾಗಲಿ.

ಕಳೆದ ಭಾನುವಾರ ಸೊಸೆ ಒಂದು ಹಾಳೆಯನ್ನು ನಮ್ಮ ಮುಂದಿಟ್ಟು, "ನೀವೂ ಒಂದು ಬಳ್ಳಿ ಬರೀರಿ ಮಾವಾರ" ಎಂದಳು. ಮಠದ ಗೋಡೆಯ ಕಾವಿಯ ಹೂಬಳ್ಳಿಯನ್ನು ನೆನೆದು ಬರೆಯಲು ತೊಡಗಿದೆವು. ಕೈ ನಡುಗಿತು, ಬಳ್ಳಿ ಸೊಟ್ಟಾಯಿತು. ಅವಳು ಅದನ್ನು ಹರಿಯಲು ಬಿಡಲಿಲ್ಲ.